ಜನಾದೇಶವೆಂಬ ನ್ಯಾಸ

ಬಹುಮತವಿಲ್ಲದೆ ಆಳುವವನು ಏನು ಮಾಡತಕ್ಕದ್ದು ಎಂಬುದು ಮೇಲ್ನೋಟಕ್ಕೆ ಸಂವಿಧಾನಕ್ಕೆ ಸೇರಿದ ಪ್ರಶ್ನೆ. ಕಾನೂನನ್ನು ಬಲ್ಲವರು ವಿಧಿಗಳ ಸಂಖ್ಯೆಯನ್ನು ಹೇಳಿ ಅದಕ್ಕೆ ಉತ್ತರ ಕೊಡಬಲ್ಲರು. ಆದರೆ ಅವಧಿ ಮುಗಿಯುವ ಮೊದಲೇ ಸಭೆಯನ್ನು ವಿಸರ್ಜಿಸಿ, ಮತ್ತೆ ಜನರ ಬಳಿಗೇ ಹೋಗುತ್ತೇನೆ ಎನ್ನುವವನ ಮಾತಿನಲ್ಲಿ ಕಾನೂನಿನ ಅಳತೆಗೆ ಸಿಕ್ಕದ ಅಂಶವೊಂದಿದೆ. ಆ ಮಾತು ವಿನಯವೋ, ತಂತ್ರವೋ? ತ್ಯಾಗವೋ, ಇನ್ನೂ ಹೆಚ್ಚು ಪಡೆಯಬೇಕೆಂಬ ಲೋಭವೋ? ಕೃತ್ಯ ಒಂದೇ, ಅದರ ಹಿಂದಿನ ಭಾವ ಎರಡಾಗಿರಬಹುದು. ಭಾವವನ್ನು ಕಣ್ಣಿನಿಂದ ಕಾಣಲು ಬಾರದು. ಹಾಗಾದರೆ ಸಾಮಾನ್ಯ ಮತದಾರನು ಇಂಥ ಕೃತ್ಯವನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು? ಈ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡೋಣ.

ಇದಕ್ಕೆ ಬೇಕಾದ ಒರೆಗಲ್ಲನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ದೋಷವನ್ನು ವಿವರಿಸಿರುವ ಬಗೆ ಬಹಳ ಸೂಕ್ಷ್ಮವಾದುದು. ಹೊನ್ನನ್ನು ಇಟ್ಟು ಹೋದವನು ಬಹುಕಾಲದ ಮೇಲೆ ಬಂದು, ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಆ ಮರೆವನ್ನು ತಿದ್ದದೆ, ಹೌದು, ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇದೇ ನ್ಯಾಸಾಪಹಾರ.

ನಮ್ಮ ಸಾಲಿಗ್ರಾಮದಂಥ ಊರುಗಳಲ್ಲಿ ಬ್ಯಾಂಕು, ಲಾಕರುಗಳು ಬರುವುದಕ್ಕೆ ಮುಂಚೆ ದೂರದ ಯಾತ್ರೆಗೆ ಹೊರಡುವವರಿಗೆ ನಂಬಿಕಸ್ಥರ ಮನೆಯೇ ಭಂಡಾರ. ಒಡವೆಯ ಗಂಟನ್ನು ಅಂಥವರ ಕೈಗೆ ಒಪ್ಪಿಸುವಾಗ ಕಾಗದಪತ್ರವಿರಲಿಲ್ಲ, ಸಾಕ್ಷಿಯಿರಲಿಲ್ಲ, ಮಾತೊಂದೇ ಇದ್ದದ್ದು. ಇಂಥ ವ್ಯವಹಾರದಲ್ಲಿ ನಡೆಯುವ ತಪ್ಪನ್ನು ಶಾಸ್ತ್ರಕಾರರು ಅಚೌರ್ಯವ್ರತದ ಕೆಳಗೆ ಎಣಿಸದೆ ಸತ್ಯವ್ರತದ ಕೆಳಗೆ ಎಣಿಸಿದರು ಎಂಬುದು ಗಮನಾರ್ಹ. ಇಟ್ಟುಕೊಂಡವನು ಕನ್ನ ಹಾಕಲಿಲ್ಲ, ಕೇಳಿದ್ದನ್ನು ಇಲ್ಲವೆನ್ನಲಿಲ್ಲ, ಕೇಳಿದಷ್ಟನ್ನು ಕೊಟ್ಟೂ ಕೊಟ್ಟ. ಆದರೂ ದೋಷಿಯಾದ. ಏಕೆಂದರೆ ಎದುರಿನವನ ಮರೆವನ್ನು ತನ್ನ ಲಾಭವಾಗಿ ಮಾಡಿಕೊಂಡ. ಹಿಂದಿರುಗಿಸುವ ಕ್ರಿಯೆಯೇ ಅಪಹಾರದ ಸಾಧನವಾಗಬಲ್ಲದು ಎಂಬ ಎಚ್ಚರಿಕೆ ಇಲ್ಲಿದೆ.

ಪ್ರಜಾಪ್ರಭುತ್ವದಲ್ಲಿ ಅಧಿಕಾರವೂ ಒಂದು ನ್ಯಾಸವೇ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಒಂದೇ ಜಿಲ್ಲೆಯ ನೆರೆಹೊರೆಯ ಸೀಮೆಗಳು. ಆದರೂ ಲೋಕಸಭೆಗೆ ಮತ ಹಾಕುವಾಗ ಮೊದಲನೆಯದು ಮಂಡ್ಯ ಕ್ಷೇತ್ರಕ್ಕೆ ಸೇರುತ್ತದೆ, ನಡುವಿನವೆರಡು ಮೈಸೂರಿಗೆ, ಕೊನೆಯದು ಚಾಮರಾಜನಗರಕ್ಕೆ. ಹೀಗೆ ಹಂಚಿಹೋದ ಮತಗಳು ಎಲ್ಲಿಯೋ ಒಂದು ಕಡೆ ಕೂಡಿ ಸರ್ಕಾರವಾಗುತ್ತವೆ. ಭತ್ತದ ಗದ್ದೆಯ ರೈತ, ಹೊಗೆಸೊಪ್ಪಿನ ಬೆಳೆಗಾರ, ಕಾಡಂಚಿನ ಹಾಡಿಯ ನಿವಾಸಿ ಇವರೆಲ್ಲರೂ ಇಟ್ಟ ಗಂಟು ಅದು. ಇಟ್ಟವರಿಗೆ ಐದು ವರ್ಷಗಳ ಕಾಲ ಅದನ್ನು ಎಣಿಸಿ ನೋಡುವ ಅವಕಾಶವಿಲ್ಲ. ಆದುದರಿಂದ ಇಟ್ಟುಕೊಂಡವನು ಅದನ್ನು ಯಾವಾಗ, ಹೇಗೆ, ಎಷ್ಟು ಹಿಂದಿರುಗಿಸುತ್ತಾನೆ ಎಂಬುದು ನೀತಿಯ ವಿಷಯವಾಗುತ್ತದೆ.

ಕರ್ನಾಟಕದ ಇತ್ತೀಚಿನ ಇತಿಹಾಸದಲ್ಲಿ ಇದಕ್ಕೆ ಉತ್ತಮ ನಿದರ್ಶನವೊಂದುಂಟು. 1983ರ ಜನವರಿಯಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದೊರೆತವು 95. ಬಹುಮತಕ್ಕೆ 113 ಬೇಕು. ಭಾರತೀಯ ಜನತಾ ಪಕ್ಷದ 18 ಶಾಸಕರು ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ನೀಡಿದ್ದರಿಂದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು; ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಸ್ವಂತ ಬಹುಮತವಿಲ್ಲದಿದ್ದರೂ ಆ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಶಾಸನವನ್ನು ಅದು 1983ರಲ್ಲಿಯೇ ರೂಪಿಸಿತು. ಅಬ್ದುಲ್ ನಜೀರ್ ಸಾಬರ ಹೆಸರು ಇಂದಿಗೂ ಆ ಕಾರ್ಯದೊಂದಿಗೆ ಬೆಸೆದುಕೊಂಡಿದೆ. 1984ರಲ್ಲಿ ಲೋಕಾಯುಕ್ತ ಶಾಸನವೂ ಬಂದಿತು.

1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಲ್ಲೇ ನಡೆದ ಲೋಕಸಭಾ ಚುನಾವಣೆಯಲ್ಲಿ, ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನತಾ ಪಕ್ಷಕ್ಕೆ ನಾಲ್ಕು ಮಾತ್ರ ಉಳಿದವು. ಆ ಚುನಾವಣೆ ದೆಹಲಿಯ ಸರ್ಕಾರಕ್ಕಾಗಿ ನಡೆದದ್ದು. ಬೆಂಗಳೂರಿನ ವಿಧಾನಸಭೆಗೆ ಇನ್ನೂ ಮೂರು ವರ್ಷಗಳ ಆಯುಷ್ಯವಿತ್ತು. ಕಾನೂನು ಹೆಗಡೆಯವರನ್ನು ಇಳಿಯೆನ್ನಲಿಲ್ಲ. ಆದರೂ ಅವರು ಜನರ ವಿಶ್ವಾಸ ತಮ್ಮಲ್ಲಿ ಉಳಿದಿದೆಯೇ ಎಂಬುದನ್ನು ಜನರೇ ಹೇಳಬೇಕೆಂದು ರಾಜೀನಾಮೆ ನೀಡಿ ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. 1985ರ ಮಾರ್ಚಿನಲ್ಲಿ ಚುನಾವಣೆ ನಡೆದು ಜನತಾ ಪಕ್ಷಕ್ಕೆ 139 ಸ್ಥಾನಗಳು ದೊರೆತವು. ಎರಡು ತಿಂಗಳುಗಳಿಗಿಂತ ಸ್ವಲ್ಪ ಹೆಚ್ಚಿನ ಅಂತರದಲ್ಲಿ ಅದೇ ಮತದಾರರು ದೆಹಲಿಗೆ ಒಬ್ಬರನ್ನೂ ಬೆಂಗಳೂರಿಗೆ ಇನ್ನೊಬ್ಬರನ್ನೂ ಆರಿಸಿದರು.

ಈ ಘಟನೆಯನ್ನು ಎರಡು ಬಗೆಯಾಗಿ ಓದಬಹುದು. ಇತರರ ಬೆಂಬಲದ ಹಂಗಿನಿಂದ ಬಿಡಿಸಿಕೊಂಡು ಸ್ವಂತ ಬಹುಮತ ಪಡೆಯುವ ಜಾಣ್ಮೆ ಅದು ಎಂದು ಹೇಳಬಹುದು. ನೈತಿಕ ಹೊಣೆಗಾರಿಕೆಯ ಮೇಲ್ಪಂಕ್ತಿ ಎಂದೂ ಹೇಳಬಹುದು. ಅನೇಕಾಂತ ದೃಷ್ಟಿಯುಳ್ಳವರು ಎರಡರಲ್ಲಿಯೂ ಸತ್ಯಾಂಶವಿದೆ ಎಂದೇ ಒಪ್ಪುತ್ತಾರೆ. ಮನುಷ್ಯನ ಪರಿಣಾಮಗಳು ಬಹುಮಟ್ಟಿಗೆ ಮಿಶ್ರವಾದವು. ಆದರೆ ಮಿಶ್ರವಾದುದೆಲ್ಲವೂ ಸಮಾನವಲ್ಲ. ಗಂಟನ್ನು ಹಿಂದಿರುಗಿಸಿದ ಹೊತ್ತನ್ನು ಇಲ್ಲಿ ನೋಡಬೇಕು. ಗಾಳಿ ತಮಗೆ ಎದುರಾಗಿ ಬೀಸುತ್ತಿದ್ದಾಗ, ಸೋಲಿನ ಮರುದಿನಗಳಲ್ಲಿ, ಕಳೆದುಕೊಳ್ಳುವ ಸಂಭವವೇ ಹೆಚ್ಚಾಗಿದ್ದಾಗ ಅದನ್ನು ಹಿಂದಿರುಗಿಸಲಾಯಿತು. ಇಟ್ಟವನು ಮರೆತಿದ್ದ ಹೊತ್ತನ್ನು ಆರಿಸಿಕೊಳ್ಳಲಿಲ್ಲ. ಇಟ್ಟವನು ಕೋಪದಲ್ಲಿದ್ದಂತೆ ಕಂಡ ಹೊತ್ತಿನಲ್ಲಿಯೇ ಬಾಗಿಲು ತೆರೆಯಲಾಯಿತು. ಈ ಒಂದು ಕಾರಣದಿಂದ ಆ ಕೃತ್ಯಕ್ಕೆ ನೈತಿಕವಾದ ತೂಕ ಬರುತ್ತದೆ.

ಇದಕ್ಕೂ ಮುಂಚಿನ ಇನ್ನೊಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟರೆ ಭೇದ ಸ್ಪಷ್ಟವಾಗುತ್ತದೆ. 1969ರ ನವೆಂಬರಿನಲ್ಲಿ ಕಾಂಗ್ರೆಸ್ಸು ಒಡೆದಾಗ ಕೇಂದ್ರದ ಇಂದಿರಾ ಗಾಂಧಿಯವರ ಸರ್ಕಾರ ಲೋಕಸಭೆಯಲ್ಲಿ ಸ್ವಂತ ಬಹುಮತವನ್ನು ಕಳೆದುಕೊಂಡಿತು. ಒಂದು ವರ್ಷ ಕಾಲ ಇತರರ ಬೆಂಬಲದಿಂದ ನಡೆದು, 1970ರ ಡಿಸೆಂಬರ್ 27ರಂದು, ಅವಧಿಗೆ ಒಂದು ವರ್ಷಕ್ಕಿಂತಲೂ ಮುಂಚೆ, ಸಭೆಯನ್ನು ವಿಸರ್ಜಿಸಲಾಯಿತು. 1971ರ ಚುನಾವಣೆಯಲ್ಲಿ ಆ ಪಕ್ಷಕ್ಕೆ 352 ಸ್ಥಾನಗಳು ಬಂದವು. ಆಗ ಮೈಸೂರು ರಾಜ್ಯವೆಂದೇ ಹೆಸರಿದ್ದ ನಮ್ಮ ನಾಡಿನ 27 ಸ್ಥಾನಗಳೂ ಅದಕ್ಕೇ ಸಂದವು. ಅದೇ ಅಲೆಯ ಮುಂದುವರಿಕೆಯಾಗಿ 1972ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅವರ ಕಾಲದ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ದೊರೆತದ್ದನ್ನು ಈ ಸೀಮೆಯ ಹಿರಿಯರು ಬಲ್ಲರು. ಅವಧಿಗೆ ಮುಂಚಿನ ಚುನಾವಣೆಯಿಂದ ಒಳ್ಳೆಯದು ಹುಟ್ಟಲಾರದು ಎಂದು ಯಾರೂ ಹೇಳುವಂತಿಲ್ಲ.

ಆದರೆ ಆ ಗಂಟಿನ ಮುಂದಿನ ಕಥೆಯನ್ನೂ ಹೇಳಬೇಕು. 1971ರಲ್ಲಿ ಆರಿಸಿಬಂದ ಲೋಕಸಭೆಯ ಅವಧಿ 1976ರ ಮಾರ್ಚಿಗೆ ಮುಗಿಯಬೇಕಾಗಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದನ್ನು ಎರಡು ಬಾರಿ, ಒಂದೊಂದು ವರ್ಷದಂತೆ ವಿಸ್ತರಿಸಲಾಯಿತು. ಕೊನೆಗೆ 1977ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು. ಹಿಂದಿರುಗಿಸುವುದು ಅನುಕೂಲವಾಗಿದ್ದಾಗ ಅವಧಿಗೆ ಮುಂಚೆ ಹಿಂದಿರುಗಿಸಿದ ಕೈಯೇ, ಅನನುಕೂಲವಾದಾಗ ಅವಧಿ ಮೀರಿಯೂ ಅದನ್ನು ಹಿಡಿದುಕೊಂಡಿತು. ಮೊದಲ ಬಾರಿ ಹಿಂದಿರುಗಿಸಿದ್ದು ನ್ಯಾಸಧರ್ಮದಿಂದಲೋ ಅನುಕೂಲದಿಂದಲೋ ಎಂಬ ಸಂದೇಹಕ್ಕೆ ಎರಡನೆಯ ಬಾರಿಯ ನಡತೆ ಅವಕಾಶ ಮಾಡಿಕೊಟ್ಟಿತು. ಒಂದು ದಿನದ ದಾನವನ್ನು ನೋಡಿ ದಾನಿಯೆನ್ನಬಾರದು. ಕಷ್ಟದ ದಿನವೂ ಕೈ ತೆರೆದಿರುತ್ತದೆಯೇ ಎಂದು ನೋಡಬೇಕು.

ಸಂಖ್ಯೆಯೊಂದೇ ಆಳ್ವಿಕೆಯ ರೋಗಕ್ಕೆ ಮದ್ದೆಂದು ತಿಳಿಯುವುದೂ ತಪ್ಪು. 139 ಸ್ಥಾನ ಪಡೆದ ಸರ್ಕಾರದ ಮುಂದಿನ ಗತಿಯೇ ಇದಕ್ಕೆ ಸಾಕ್ಷಿ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟಿನ ಟೀಕೆ ಬಂದಾಗ ಹೆಗಡೆಯವರು ರಾಜೀನಾಮೆ ಕೊಟ್ಟರು. ಮೂರೇ ದಿನಗಳಲ್ಲಿ ಮತ್ತೆ ಅಧಿಕಾರ ವಹಿಸಿಕೊಂಡರು. ಇಟ್ಟವನ ಕೈಗೆ ತಲುಪುವ ಮುಂಚೆಯೇ ಮರಳಿ ಒಳಗೆ ಹೋದ ಗಂಟನ್ನು ಹಿಂದಿರುಗಿಸಿದ ಗಂಟು ಎನ್ನಲಾಗದು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಅವರು ಮತ್ತೆ ರಾಜೀನಾಮೆ ನೀಡಿ, ಎಸ್. ಆರ್. ಬೊಮ್ಮಾಯಿಯವರು ಬಂದರು. 1989ರಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅವರಲ್ಲಿ ಕೆಲವರು ಅನಂತರ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಸದನದಲ್ಲಿಯೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿದರೂ ಅವಕಾಶ ದೊರೆಯದೆ, ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು, ಬಹುಮತವಿದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಬೇಕಾದ ಸ್ಥಳ ಸದನವೇ ಹೊರತು ರಾಜಭವನವಲ್ಲವೆಂದು ಸಾರಿತು. ಗಂಟು ಕಡಿಮೆಯಾಗಿದೆಯೆಂದು ಮೂರನೆಯವನು ಹೇಳಿದರೆ ಸಾಲದು. ಎಲ್ಲರ ಎದುರಿಗೆ ಬಿಚ್ಚಿ ಎಣಿಸಬೇಕು.

ನಮ್ಮ ಸಂವಿಧಾನದಲ್ಲಿ ಲೋಕಸಭೆಯನ್ನು ವಿಸರ್ಜಿಸುವವರು ರಾಷ್ಟ್ರಪತಿಗಳು. ಆದರೆ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಅಧ್ಯಕ್ಷರೇ ಆಳುವ ನಾಡುಗಳಲ್ಲಿ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಅಲ್ಲಿ ಅಧ್ಯಕ್ಷನನ್ನೂ ಸಂಸತ್ತನ್ನೂ ಜನರು ಬೇರೆ ಬೇರೆಯಾಗಿ ಆರಿಸುತ್ತಾರೆ. ಒಂದೇ ಒಡವೆಯನ್ನು ಎರಡು ಗಂಟು ಮಾಡಿ ಇಬ್ಬರ ಕೈಗೆ ಕೊಟ್ಟಂತೆ ಅದು. ಸಂಸತ್ತು ತನ್ನ ಮಾತನ್ನು ಕೇಳದಿದ್ದಾಗ ಅದನ್ನು ವಿಸರ್ಜಿಸುವ ಅಧ್ಯಕ್ಷನು ತನ್ನ ಗಂಟನ್ನು ಹಿಂದಿರುಗಿಸುತ್ತಿಲ್ಲ. ಇನ್ನೊಬ್ಬರ ಬಳಿ ಇರುವ ಗಂಟನ್ನು ಹಿಂದಿರುಗಿಸಿ ಎನ್ನುತ್ತಿದ್ದಾನೆ. ತನ್ನ ಪೀಠವಂತೂ ಭದ್ರವಾಗಿಯೇ ಇರುತ್ತದೆ. ಈ ಅಧಿಕಾರಕ್ಕೆ ಕಾಲದ ಕಟ್ಟು ಹಾಕಿರುವುದು ಅದಕ್ಕಾಗಿಯೇ.

ನೆರೆಯ ಶ್ರೀಲಂಕೆಯಲ್ಲಿ ಇದರ ಎರಡು ಮುಖಗಳನ್ನೂ ಕಂಡಿದ್ದೇವೆ. 2018ರ ಅಕ್ಟೋಬರಿನಲ್ಲಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನರು ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ತೆಗೆದು ಮಹಿಂದ ರಾಜಪಕ್ಸರನ್ನು ನೇಮಿಸಿದರು. ಹೊಸ ಪ್ರಧಾನಿಗೆ ಸಂಸತ್ತಿನಲ್ಲಿ ಬಹುಮತ ಒದಗಲಿಲ್ಲ. ಆಗ ನವೆಂಬರ್ 9ರಂದು ಅಧ್ಯಕ್ಷರು ಸಂಸತ್ತನ್ನೇ ವಿಸರ್ಜಿಸಿದರು. ನಾಲ್ಕೂವರೆ ವರ್ಷಕ್ಕೆ ಮುಂಚೆ ಹಾಗೆ ವಿಸರ್ಜಿಸಲು ಅಂದಿನ ಸಂವಿಧಾನದಲ್ಲಿ ಅಧಿಕಾರವಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರು ಡಿಸೆಂಬರ್ 13ರಂದು ಒಮ್ಮತದಿಂದ ತೀರ್ಪಿತ್ತರು. ಜನರ ಬಳಿಗೆ ಹೋಗುವುದು ಎಂಬ ಮಾತು ಕೇಳಲು ಎಷ್ಟೇ ಇಂಪಾಗಿರಲಿ, ಅದು ಸೋತ ಎಣಿಕೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗಬಾರದೆಂಬುದು ಅಲ್ಲಿ ಸ್ಥಾಪಿತವಾಯಿತು.

ಆರು ವರ್ಷಗಳ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಅನುರ ಕುಮಾರ ದಿಸ್ಸಾನಾಯಕೆಯವರು ಅದೇ ನಾಡಿನ ಅಧ್ಯಕ್ಷರಾದರು. 225 ಸ್ಥಾನಗಳ ಸಂಸತ್ತಿನಲ್ಲಿ ಅವರ ಕೂಟದ ಸದಸ್ಯರಿದ್ದುದು ಮೂವರೇ. ಕೆಲವೇ ದಿನಗಳಲ್ಲಿ ಅವರು ಸಂಸತ್ತನ್ನು ವಿಸರ್ಜಿಸಿದರು. ನವೆಂಬರ್ 14ರ ಚುನಾವಣೆಯಲ್ಲಿ ಆ ಕೂಟಕ್ಕೆ 159 ಸ್ಥಾನಗಳು ದೊರೆತವು. ಇಲ್ಲಿ ಗೆಲುವಿನ ಗಾಳಿ ಅವರ ಕಡೆಗೇ ಬೀಸುತ್ತಿತ್ತು ನಿಜ. ಆದರೆ ವಿಸರ್ಜನೆಯ ಸಂಗತಿ ಜನರಿಗೆ ಮರೆಮಾಚಿದ್ದಾಗಿರಲಿಲ್ಲ, ಕಾಲಮಿತಿಯೂ ಮೀರಿರಲಿಲ್ಲ. 2020ರ ಸಂಸತ್ತಿಗೂ 2024ರ ಜನಮನಕ್ಕೂ ನಡುವೆ ಒಂದು ದೊಡ್ಡ ಆರ್ಥಿಕ ದುರಂತವೇ ನಡೆದುಹೋಗಿತ್ತು. ಹಳೆಯ ಎಣಿಕೆಯನ್ನು ಹೊಸದು ಮಾಡಲು ಅಲ್ಲಿ ನ್ಯಾಯವಾದ ಕಾರಣವಿತ್ತು.

ಫ್ರಾನ್ಸಿನ ಅನುಭವ ಬೇರೆ ಬಗೆಯದು. ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರನ್ ಅವರ ಕೂಟಕ್ಕೆ 2022ರಿಂದಲೇ ಪೂರ್ಣ ಬಹುಮತವಿರಲಿಲ್ಲ. 2024ರ ಜೂನ್ 9ರಂದು, ಯುರೋಪಿನ ಸಂಸತ್ತಿನ ಚುನಾವಣೆಯಲ್ಲಿ ಸೋತ ಸಂಜೆಯೇ, ಅವರು ರಾಷ್ಟ್ರೀಯ ಸಭೆಯನ್ನು ವಿಸರ್ಜಿಸಿದರು. ಮೊದಲ ಸುತ್ತಿನ ಮತದಾನ ಜೂನ್ 30ಕ್ಕೆ, ಎರಡನೆಯದು ಜುಲೈ 7ಕ್ಕೆ ಎಂದು ಗೊತ್ತಾಯಿತು. ಸೋಲಿನ ಹೊತ್ತಿನಲ್ಲಿ ಜನರ ಬಳಿಗೆ ಹೋದದ್ದು ಹೆಗಡೆಯವರ ನಡೆಯನ್ನು ನೆನಪಿಗೆ ತರಬಹುದು. ಆದರೆ ಎರಡು ಭೇದಗಳಿವೆ. ಹೆಗಡೆಯವರು ತಮ್ಮ ಸ್ಥಾನವನ್ನೇ ಪಣಕ್ಕಿಟ್ಟರು. ಇಲ್ಲಿ ಅಧ್ಯಕ್ಷರ ಸ್ಥಾನ ಪಣದಲ್ಲಿರಲಿಲ್ಲ. ಮೇಲಾಗಿ ಮೂರೇ ವಾರಗಳಲ್ಲಿ ಪಕ್ಷಗಳು ಅಭ್ಯರ್ಥಿಗಳನ್ನು ಹುಡುಕಿ, ಕಾರ್ಯಕ್ರಮ ಬರೆದು, ಮೈತ್ರಿ ಮಾಡಿಕೊಳ್ಳಬೇಕಾಯಿತು. ಜನರು ಬಹುಸಂಖ್ಯೆಯಲ್ಲಿ ಬಂದು ಮತ ಹಾಕಿದರು. ಆದರೂ 577 ಸ್ಥಾನಗಳಲ್ಲಿ ಯಾವ ಕೂಟಕ್ಕೂ ಬಹುಮತದ 289 ದೊರೆಯಲಿಲ್ಲ. ಆ ಡಿಸೆಂಬರಿನಲ್ಲಿ ಒಂದು ಸರ್ಕಾರ, 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸದನದ ಅವಿಶ್ವಾಸಕ್ಕೆ ಗುರಿಯಾಗಿ ಬಿದ್ದವು. ನಾವು ಯಾರಿಗೂ ಪೂರ್ಣವಾಗಿ ಒಪ್ಪಿಸಲಾರೆವು, ನೀವೇ ಕೂಡಿ ಬಾಳಿರಿ ಎಂದು ಜನರು ಹೇಳಿದ್ದರು. ಕೂಡಿ ಬಾಳುವ ಕಲೆಯನ್ನು ಚುನಾವಣೆ ಕಲಿಸಿಕೊಡಲಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಹುಮತವಿಲ್ಲದವನು ಅಧಿಕಾರದಲ್ಲಿ ಮುಂದುವರಿಯುವುದೇ ಅನೀತಿಯಲ್ಲವೇ? ಆದಷ್ಟು ಬೇಗ ಬಿಟ್ಟುಕೊಡುವುದೇ ಧರ್ಮವಲ್ಲವೇ? ವಿಚಾರ ಮಾಡಿದರೆ ಹಾಗಲ್ಲವೆಂದು ತೋರುತ್ತದೆ. ಅಲ್ಪಮತದಲ್ಲಿ ಇರುವವನು ಪ್ರತಿಯೊಂದು ಕಾರ್ಯಕ್ಕೂ ಇತರರನ್ನು ಒಪ್ಪಿಸಬೇಕು, ತನ್ನ ಮಾತಿನಲ್ಲಿ ಅರ್ಧವನ್ನು ಬಿಡಬೇಕು, ಎದುರಾಳಿಯ ಮಾತಿನಲ್ಲಿರುವ ಸತ್ಯವನ್ನು ಕೇಳಿಸಿಕೊಳ್ಳಬೇಕು. ಇದು ಆಳುವವನಿಗೆ ಒದಗಿಬಂದ ಸಂಯಮದ ಅಭ್ಯಾಸ. 1983ರ ಸರ್ಕಾರ ಅಧಿಕಾರ ವಿಕೇಂದ್ರೀಕರಣದ ಶಾಸನವನ್ನು ತಂದದ್ದು ಇಂಥ ಸ್ಥಿತಿಯಲ್ಲಿಯೇ. ಒಪ್ಪಿಸುವ ಶ್ರಮಕ್ಕೆ ಬೇಸತ್ತು, ಯಾರನ್ನೂ ಕೇಳಬೇಕಾಗಿಲ್ಲದ ಸಂಖ್ಯೆ ನನಗೆ ಬೇಕೆಂದು ಜನರ ಬಳಿಗೆ ಓಡುವವನಲ್ಲಿ ಮಾನಕಷಾಯ ಕೆಲಸ ಮಾಡುತ್ತಿರುತ್ತದೆ.

ಚುನಾವಣೆಯು ಜನರ ಮೇಲೆ ಹೊರಿಸುವ ಭಾರವನ್ನೂ ಮರೆಯಬಾರದು. ಶಾಲೆಗಳು ಮತಗಟ್ಟೆಗಳಾಗುತ್ತವೆ, ಉಪಾಧ್ಯಾಯರು ಪಾಠ ಬಿಟ್ಟು ಚುನಾವಣಾ ಕೆಲಸಕ್ಕೆ ಹೋಗುತ್ತಾರೆ, ನೀತಿಸಂಹಿತೆಯ ಕಾರಣದಿಂದ ಹೊಸ ಕಾಮಗಾರಿಗಳು ನಿಲ್ಲುತ್ತವೆ, ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ ಸಹ, ಮನಸ್ಸುಗಳು ಒಡೆಯುತ್ತವೆ. ಇವೆಲ್ಲ ಅನಿವಾರ್ಯವಾದಾಗ ಸಹಿಸತಕ್ಕವು. ಒಬ್ಬನ ಅನುಕೂಲಕ್ಕಾಗಿ ಹೊರಿಸತಕ್ಕವಲ್ಲ.

ಇಷ್ಟರ ಮೇಲೆ ನಾವು ಹುಡುಕುತ್ತಿದ್ದ ಒರೆಗಲ್ಲು ರೂಪುಗೊಳ್ಳುತ್ತದೆ. ಅವಧಿಗೆ ಮುಂಚೆ ಜನರ ಬಳಿಗೆ ಬರುವವನನ್ನು ಮೂರು ಮಾತು ಕೇಳಬೇಕು. ಮೊದಲನೆಯದು, ನೀನು ಬಂದ ಹೊತ್ತು ಯಾವುದು? ಇಟ್ಟವನು ಎಣಿಸಿಕೊಳ್ಳಬಲ್ಲ ಹೊತ್ತೋ, ದುಃಖದಲ್ಲೋ ಹರ್ಷದಲ್ಲೋ ಭಯದಲ್ಲೋ ಅವನು ಎಣಿಕೆ ಮರೆತಿರುವ ಹೊತ್ತೋ? ಎರಡನೆಯದು, ಗಂಟಿನೊಂದಿಗೆ ಲೆಕ್ಕವನ್ನೂ ತಂದಿದ್ದೀಯಾ? ಹಿಂದೆ ಮಾಡಿದ್ದನ್ನು ಹೇಳದೆ ಮುಂದೆ ಮಾಡುವುದನ್ನು ಮಾತ್ರ ಹೇಳುವವನು ಗಂಟನ್ನು ಬಿಚ್ಚದೆಯೇ ಕೊಡುತ್ತಿದ್ದಾನೆ. ಮೂರನೆಯದು, ಇದು ಬೇರೆಯವರ ಕೈಗೆ ಹೋದರೆ ನಿನಗೆ ಸಮ್ಮತವೇ? ಮರಳಿ ತನಗೇ ಬರಬೇಕೆಂಬ ಕರಾರಿನಿಂದ ಕೊಟ್ಟದ್ದು ಕೊಟ್ಟಂತಾಗಲಿಲ್ಲ. ಅದು ಅಪರಿಗ್ರಹದ ವೇಷ ತೊಟ್ಟ ಪರಿಗ್ರಹ.

ಆದರೆ ನ್ಯಾಸಾಪಹಾರದ ವಿವರಣೆಯಲ್ಲಿ ಇನ್ನೊಂದು ಪಾತ್ರವಿದೆ, ಅದು ಇಟ್ಟವನದು. ಅವನು ಮರೆಯದಿದ್ದರೆ ಆ ದೋಷಕ್ಕೆ ಎಡೆಯೇ ಇರುತ್ತಿರಲಿಲ್ಲ. ಮರೆತದ್ದು ಪಾಪವಲ್ಲವೆಂದು ಶಾಸ್ತ್ರ ಅವನನ್ನು ದೂಷಿಸಲಿಲ್ಲ. ಆದರೆ ಪ್ರಜೆಗಳಾದ ನಾವು ಅಷ್ಟಕ್ಕೆ ಸಮಾಧಾನಪಡುವಂತಿಲ್ಲ. ನಮ್ಮ ಮರೆವಿನ ಫಲವನ್ನು ನಾವೊಬ್ಬರೇ ಉಣ್ಣುವುದಿಲ್ಲ; ಮತವಿಲ್ಲದ ಮಕ್ಕಳೂ ಮಾತಿಲ್ಲದ ಜೀವಿಗಳೂ ಉಣ್ಣುತ್ತವೆ.

ಎಣಿಕೆ ಮರೆಯದ ಮತದಾರರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. 2019ರ ಜುಲೈಯಲ್ಲಿ ಹದಿನೇಳು ಶಾಸಕರ ನಡೆಯಿಂದ ಅಂದಿನ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ 99ಕ್ಕೆ 105ರಂತೆ ಸೋತಿತು. ಅವರಲ್ಲಿ ಹುಣಸೂರಿನ ಪ್ರತಿನಿಧಿಯೂ ಒಬ್ಬರು. ಅವರ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ ಹನ್ನೆರಡು ಆಳುವ ಪಕ್ಷಕ್ಕೆ ಹೋದವು, ಹುಣಸೂರು ಹೋಗಲಿಲ್ಲ. ಹನ್ನೆರಡರ ತೀರ್ಪು ತಪ್ಪು, ಹುಣಸೂರಿನದು ಸರಿ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅಲೆ ಎಲ್ಲಿಗೆ ಹೋದರೂ ಒಂದು ಕ್ಷೇತ್ರದ ಜನ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಲ್ಲರು ಎಂಬುದು ಮುಖ್ಯ. 1984 ಮತ್ತು 1985ರ ನಡುವೆ ಇಡೀ ನಾಡೇ ಈ ವಿವೇಕವನ್ನು ತೋರಿತ್ತು.

ಈ ವಿವೇಕಕ್ಕೆ ಬೇಕಾದದ್ದು ಹೆಚ್ಚಿನ ವಿದ್ಯೆಯಲ್ಲ, ನೆನಪು. ಮತಕ್ಕೆ ಹಣ ಪಡೆದವನು ತನ್ನ ಗಂಟನ್ನು ಇಡುವ ಮುಂಚೆಯೇ ಮಾರಿಕೊಂಡವನು. ಅವನಿಗೆ ಲೆಕ್ಕ ಕೇಳುವ ಹಕ್ಕು ಉಳಿಯುವುದಿಲ್ಲ. ಜಾತಿಯನ್ನೋ ಮುಖವನ್ನೋ ನೋಡಿ ಒಪ್ಪಿಸಿದವನು ಎಷ್ಟು ಒಪ್ಪಿಸಿದೆನೆಂಬುದನ್ನೇ ತಿಳಿಯದವನು. ಏನನ್ನು, ಯಾವ ಕಾರ್ಯಕ್ಕಾಗಿ, ಎಷ್ಟು ಕಾಲಕ್ಕೆ ಒಪ್ಪಿಸಿದೆನೆಂಬುದನ್ನು ನೆನಪಿನಲ್ಲಿಟ್ಟುಕೊಂಡವನ ಎದುರಿನಲ್ಲಿ ಆಳುವವನು ಅವಧಿಗೆ ಮುಂಚೆ ಬಂದರೂ ಸರಿ, ಅವಧಿಯ ದಿನವೇ ಬಂದರೂ ಸರಿ, ಪೂರ್ಣವಾಗಿ ಎಣಿಸಿ ಕೊಡದೆ ವಿಧಿಯಿಲ್ಲ. ಆಳುವವರ ಸತ್ಯವ್ರತವನ್ನು ಕಾಯುವ ಹೊಣೆಯಲ್ಲಿ ಆಳಿಸಿಕೊಳ್ಳುವವರ ಪಾಲೂ ಇದೆ. ಆ ಪಾಲನ್ನು ನಿರ್ವಹಿಸುವುದು ಮತಗಟ್ಟೆಯ ಬಾಗಿಲಲ್ಲಿ ಮಾತ್ರವಲ್ಲ, ಎರಡು ಚುನಾವಣೆಗಳ ನಡುವಿನ ಪ್ರತಿಯೊಂದು ದಿನವೂ ನಮ್ಮ ಕರ್ತವ್ಯ.